ಬಿಲ್ಲು, ಬಲೆ ಮತ್ತು ರಹದಾರಿ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ಬೇಟೆಯ ಮಾತನ್ನೆತ್ತಿದರೆ ಕೇಳುವವರಿಗೆ ವಿಚಿತ್ರವೆನಿಸೀತು. ದಾರಿಯ ಇಕ್ಕೆಲದಲ್ಲಿಯೂ ತೆಂಗಿನ ತೋಟಗಳು, ಕೆರೆಗಳು. ಕೊನೆಯಲ್ಲಿ ಅಹಿಂಸೆಯೇ ಮೂರ್ತಿವೆತ್ತಂತೆ ಗೊಮ್ಮಟ. ಆದರೂ ಬೇಟೆಯನ್ನು ಬಿಟ್ಟು ಈ ಸೀಮೆಯ ಚರಿತ್ರೆಯನ್ನು ಹೇಳುವಂತಿಲ್ಲ. ಬಿಲ್ಲೂ ಬಲೆಯೂ ಯಾರ ಕೈಯಿಂದ ಯಾರ ಕೈಗೆ ಹೋದುವೆಂಬುದೇ ಈ ಹೊತ್ತು ನಾನು ವಿಚಾರಮಾಡಬೇಕೆಂದಿರುವ ವಿಷಯ.

ನೆರೆಯ ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ. ಶ. 950ರ ಶಾಸನವೊಂದು ದೊರೆಯಿತು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿಗೆಯಾಗಿ ಕೊಟ್ಟದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ನಾಯಿಗೆ ಕಲ್ಲು ನಿಂತಿತು, ಕಲ್ಲಿಗೆ ಪೂಜೆಯೂ ಭೂಮಿಯೂ ಸಂದುವು. ಇದಾದ ಸುಮಾರು ಮೂವತ್ತು ವರ್ಷಗಳಲ್ಲಿ ಅದೇ ಗಂಗರ ಮಂತ್ರಿಯಾದ ಚಾವುಂಡರಾಯನು ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಬೇಟೆಯ ಕೆಚ್ಚೂ ಅಹಿಂಸೆಯ ವ್ರತವೂ ಒಂದೇ ರಾಜ್ಯದಲ್ಲಿ ಗೌರವ ಪಡೆದಿದ್ದುವು.

ಅರಸರ ಪಾಲಿಗೆ ಬೇಟೆಯು ವಿನೋದವೂ ಆಗಿದ್ದಿತು. ಹನ್ನೆರಡನೆಯ ಶತಮಾನದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೂ ಮೀನು ಹಿಡಿಯುವ ವಿನೋದಕ್ಕೂ ಬೇರೆಬೇರೆ ಪ್ರಕರಣಗಳುಂಟು. ಹೊಯ್ಸಳರ ಲಾಂಛನವೇ ಮೃಗವನ್ನು ಕೊಲ್ಲುವ ಸಳ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲದಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯ ಮದನಿಕೆಯನ್ನೂ ಕಾಣಬಹುದು.

ಆದರೆ ಬೇಟೆಯು ಅರಮನೆಯ ಸ್ವತ್ತಷ್ಟೇ ಆಗಿರಲಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಬೇಟೆಯೆಂದರೆ ಊರೊಟ್ಟಿನ ಕೆಲಸ. ಬಲೆ ಹೊತ್ತವರು, ಸೋವುವವರು, ನಾಯಿ ಹಿಡಿದವರು ಎಲ್ಲರೂ ಕೂಡಿ ಮೊಲ ಹಂದಿಗಳನ್ನು ಅಟ್ಟುವರು, ಮಾಂಸ ಪಾಲಾಗುವುದು. ಬೇಸಿಗೆಯಲ್ಲಿ ನೀರಿಳಿದಾಗ ಮಲೆನಾಡಿನ ಊರಿಗೆ ಊರೇ ಕೆರೆಗಿಳಿದು ಮೀನು ಹಿಡಿಯುವುದೂ ಇಂಥದೇ. ಹೊಳೆಯ ಮೀನು ಬೆಸ್ತರ ವೃತ್ತಿಯಾಗಿದ್ದಿತು.

ಕಾಯಿದೆ ಬಂದುದು ಅನಂತರ. 1901ರಲ್ಲಿ ಮೈಸೂರು ಸರ್ಕಾರವು ಬೇಟೆಯ ಪ್ರಾಣಿಗಳ ಮತ್ತು ಮೀನಿನ ರಕ್ಷಣೆಗಾಗಿ ಒಂದು ರೆಗ್ಯುಲೇಷನ್ನನ್ನೇ ಮಾಡಿತು. ಹಿಂದೆ ವಾಡಿಕೆಯಿಂದ ನಡೆದುದಕ್ಕೆ ಇನ್ನು ರಹದಾರಿ ಬೇಕಾಯಿತು. ಬಂದೂಕೂ ಅರ್ಜಿ ಬರೆಯುವ ಅನುಕೂಲವೂ ಉಳ್ಳವನಿಗೆ ರಹದಾರಿ ಸುಲಭ. ಬಲೆಯೊಂದೇ ಉಳ್ಳವನಿಗೆ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ದೊರೆಯ ಬೇಟೆಯನ್ನೂ ಬಡವನ ಬೇಟೆಯನ್ನೂ ಒಟ್ಟಿಗೇ ನಿಲ್ಲಿಸಿತು. ಕಾಡು ಕರಗಿದ್ದ ಆ ಹೊತ್ತಿಗೆ ಇದು ಬೇಕೇ ಆಗಿದ್ದಿತು. ಆದರೆ ದೊರೆಯು ಕಳೆದುಕೊಂಡುದು ವಿನೋದವನ್ನು, ಬಡವನು ಕಳೆದುಕೊಂಡುದು ಊಟದ ಒಂದು ಪಾಲನ್ನು.

ಮೀನಿನ ಕಥೆ ಬೇರೆ ತೆರನಾಗಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯರು. ಯಾತ್ರಿಕರೇ ಅವಕ್ಕೆ ಆಹಾರ ಹಾಕುವರು. ಅಲ್ಲಿ ಮೀನನ್ನು ಕಾಯುವುದಕ್ಕೆ ಭಕ್ತಿಯೇ ಸಾಕಾಯಿತು. ಇತ್ತ 1979ರಲ್ಲಿ ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಪೂರ್ಣವಾದ ಮೇಲೆ ಹರಿವ ಹೊಳೆಯು ನಿಂತ ನೀರಾಯಿತು. ಕೆರೆ ಜಲಾಶಯಗಳಲ್ಲಿ ಕಾಟ್ಲ, ರೋಹುಗಳ ಮರಿ ಬಿಟ್ಟು ಬೆಳೆಸುವ ಪದ್ಧತಿ ಬಂದಿತು. ಮೀನು ಈಗ ಬೆಳೆಯಾಗಿದೆ, ಕೆರೆ ಗುತ್ತಿಗೆಯಾಗಿದೆ. ಗುತ್ತಿಗೆ ಹಿಡಿದವನದೇ ಬಲೆ. ದಡದಲ್ಲಿ ಗಾಳ ಹಾಕುವ ಹುಡುಗನು ಈಗ ಅಪರಾಧಿಯಂತೆ ಅತ್ತಿತ್ತ ನೋಡಬೇಕು.

ಬೇಟೆ ಮುಗಿಯಿತೇ? ಹಾಸನ ಜಿಲ್ಲೆಯ ಕಾಫಿ ಸೀಮೆಯಲ್ಲಿ ಆನೆ ನುಗ್ಗಿ ಗದ್ದೆ ತುಳಿದಾಗ ರೈತನು ಆತಕೂರಿನ ವೀರನಾಗುವಂತಿಲ್ಲ. ಅರಣ್ಯ ಇಲಾಖೆಗಾಗಿ ಕಾಯಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಇಂಥ ಸೆರೆ ಕಾರ್ಯದಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದುದು ದಸರೆಯ ಅಂಬಾರಿ ಹೊತ್ತ ಅರ್ಜುನ. ಅವನೇ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾದವನು. ನಾಯಿಗೆ ಕಲ್ಲು ನಿಲ್ಲಿಸಿದ ನಾಡು ಈ ಆನೆಗಾಗಿಯೂ ಕಣ್ಣೀರಿಟ್ಟಿತು.

ಸಾವಿರ ವರ್ಷಗಳಲ್ಲಿ ಬೇಟೆಯ ಹಕ್ಕು ಊರಿನಿಂದ ಸರ್ಕಾರಕ್ಕೆ ಸೇರಿತು. ಅಪಾಯ ಮಾತ್ರ ಊರಿನಲ್ಲಿಯೇ ಉಳಿಯಿತು. ಪ್ರಾಣಿಯನ್ನು ಉಳಿಸಬೇಕು, ನಿಜ. ಉಳಿಸುವ ಭಾರವನ್ನು ಕಾಡಂಚಿನವರೊಬ್ಬರೇ ಹೊರದಂತೆ ಮಾಡುವುದು ಪಟ್ಟಣದಲ್ಲಿ ಸುಖವಾಗಿ ಕುಳಿತು ಈ ಮಾತನ್ನು ಕೇಳುತ್ತಿರುವ ನಮ್ಮ ಪಾಲಿನ ಕೆಲಸ.