ಸುರಪುರದ ಗುಡ್ಡದ ಮನೆ ಮತ್ತು ಒಂದು ಜಾತಕ

ಸುರಪುರ ನೋಡಲು ಬಂದವರು ಸಾಮಾನ್ಯವಾಗಿ ಹತ್ತುವುದು ಟೇಲರ್ ಮಂಜಿಲ್ ಇರುವ ಗುಡ್ಡವನ್ನು. 1858ರಲ್ಲಿ ಸಂಸ್ಥಾನ ಬಿದ್ದದ್ದಕ್ಕೆ ಇದು ಕಟ್ಟಿಸಿದ ಸ್ಮಾರಕವಲ್ಲ. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ತನ್ನ ವಾಸಕ್ಕೆ ಕಟ್ಟಿಸಿಕೊಂಡ ಮನೆ. ಆದರೂ ಆ ದುರಂತದ ನೆನಪು ಇದಕ್ಕೇ ಅಂಟಿಕೊಂಡಿದೆ, ಜೊತೆಗೆ ಒಂದು ಜಾತಕದ ಕಥೆಯೂ. ರಾಜ ಇಪ್ಪತ್ತನಾಲ್ಕನೆಯ ವಯಸ್ಸು ದಾಟುವುದಿಲ್ಲ ಎಂದು ಜೋಯಿಸನೊಬ್ಬ ಮೊದಲೇ ಹೇಳಿದ್ದನಂತೆ. 1834ರಲ್ಲಿ ಹುಟ್ಟಿದ ಅವನು 1858ರಲ್ಲೇ ತೀರಿಕೊಂಡ. ಕಥೆ ಮನಸ್ಸಿಗೆ ನಾಟುವಂಥದ್ದು, ನಿಜ. ಆದರೆ ಸುರಪುರ ಬಿದ್ದ ಕಾರಣವನ್ನು ಅದು ತೋರಿಸುವುದಕ್ಕಿಂತ ಮುಚ್ಚುವುದೇ ಹೆಚ್ಚು.

ಕಥೆ ಹರಡಿದ್ದು ಟೇಲರನ ಆತ್ಮಕಥೆಯಿಂದ. ಅವನು ಸತ್ತ ಮರುವರ್ಷ, 1877ರಲ್ಲಿ, ಅವನ ಮಗಳು ಅದನ್ನು ಪ್ರಕಟಿಸಿದಳು. ವಿಚಿತ್ರವೆಂದರೆ ಇದೇ ಟೇಲರ್ ಬೇರೆ ಕಡೆ ಜನರ ಮಾತನ್ನು ಕೇಳಿ ಸುಮ್ಮನಾದವನಲ್ಲ. ಶಹಾಪುರದ ಬಳಿ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ರಾಜನಕೋಳೂರಿನ ಕಲ್ಲುಮನೆಗಳನ್ನೂ ವಿದ್ವಾಂಸರ ಗಮನಕ್ಕೆ ತಂದವನು ಅವನೇ. ರಾಜನಕೋಳೂರಿನವು ಮೋರ್ಯರ ಮನೆಗಳು, ಅಲ್ಲಿ ಕುಳ್ಳ ಜನ ಇದ್ದರು ಎಂದು ಸುತ್ತಲಿನವರು ಹೇಳುತ್ತಿದ್ದರು. ಟೇಲರ್ ಆ ಮಾತನ್ನು ಬರೆದುಕೊಂಡ, ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಈ ಸೀಮೆಯ ಕಲ್ಗೋರಿಗಳನ್ನು ಅಗೆಸಿ, ಸಿಕ್ಕ ಎಲುಬುಗಳನ್ನು ಪರೀಕ್ಷಿಸಿ, ಇವು ಸತ್ತವರಿಗಾಗಿ ಕಟ್ಟಿದವು ಎಂದು ತೋರಿಸಿದ. ಕಲ್ಲಿನ ಕೆಳಗೆ ಗುದ್ದಲಿ ಹಾಕಿಸಿದವನು ಜಾತಕದ ಕೆಳಗೆ ಹಾಕಲಿಲ್ಲ. ಅದಕ್ಕೆ ವಾತ್ಸಲ್ಯ ಒಂದು ಕಾರಣ: ಬಾಲರಾಜ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಇನ್ನೊಂದು, ತಾನು ಹನ್ನೆರಡು ವರ್ಷದಷ್ಟು ನಡೆಸಿ 1853ರಲ್ಲಿ ಒಪ್ಪಿಸಿಹೋದ ರಾಜ್ಯ ಐದೇ ವರ್ಷಕ್ಕೆ ಮುರಿದು ಬಿದ್ದದ್ದಕ್ಕೆ ವಿಧಿಯ ಹೆಸರು ಹೇಳುವುದು ಅವನಿಗೂ ಸುಲಭವಾಗಿತ್ತು.

ಭವಿಷ್ಯವನ್ನು ಮುಂಚೆಯೇ ಕೇಳಿದ್ದೆನೆಂದು ಟೇಲರನೇ ಹೇಳುತ್ತಾನಲ್ಲ, ಅದು ಸಾಕ್ಷಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಿದ್ದನೆಂದೇ ಇಟ್ಟುಕೊಳ್ಳೋಣ. ಆಗಲೂ ಜಾತಕ ಹೇಳುವುದು ಒಬ್ಬನ ಆಯುಷ್ಯವನ್ನು. ಹೈದರಾಬಾದಿನ ನಿಜಾಮನಿಗೆ ಕಟ್ಟಬೇಕಾದ ಪೇಷ್ಕಷ್ ಎಂಬ ಕಪ್ಪದ ಬಾಕಿ ಮತ್ತು ಸಾಲ ಸಂಸ್ಥಾನವನ್ನು ಹೇಗೆ ಹಿಂಡಿದವು, ದಾಯಾದಿ ಪೀಡ ನಾಯಕನಿಗೂ ರಾಜನ ತಾಯಿ ರಾಣಿ ಈಶ್ವರಮ್ಮನಿಗೂ ನಡೆದ ಜಗಳದಿಂದ ಅರಮನೆ ಹೇಗೆ ಎರಡಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಸುರಪುರ ಒಂಟಿಯಾಗಿಯೂ ಇರಲಿಲ್ಲ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲಾರೆವೆಂದು ಹಲಗಲಿಯ ಬೇಡರು ಎದ್ದಿದ್ದರು. 1858ರ ಬೇಸಿಗೆಯಲ್ಲಿ ಮುಂಡರಗಿ, ನರಗುಂದಗಳು ಎದ್ದವು. ಇವುಗಳ ನಡುವೆ ಬರುತ್ತದೆ ಫೆಬ್ರವರಿಯ ಸುರಪುರ: ಬ್ರಿಟಿಷ್ ಅಧಿಕಾರಿ ಕ್ಯಾಂಪ್‌ಬೆಲ್ ಬುದ್ಧಿ ಹೇಳಲು ಬಂದದ್ದು, ಬ್ರಿಟಿಷ್ ದಂಡಿನ ಮೇಲೆ ರಾತ್ರಿ ದಾಳಿ, ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯ ಸಾವು, ರಾಜ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿನ ದಿವಾನ ಸಾಲಾರ್ ಜಂಗನ ಮೂಲಕ ಬ್ರಿಟಿಷರ ಕೈಸೇರಿದ್ದು. ಇಷ್ಟೂ ಕಡೆಯ ದಂಗೆಗೆ ಒಂದೇ ಕುಂಡಲಿ ಸಾಲದು.

ರಾಜನ ಸಾವಿನ ವಿಷಯಕ್ಕೆ ಬಂದರೆ ಅದು ಕೊಲೆ ಎಂಬ ಜನರ ಸಂಶಯವನ್ನು ನಾನು ಅಷ್ಟು ಹಗುರವಾಗಿ ತಳ್ಳಿಹಾಕಲಾರೆ. ಮರಣದಂಡನೆ ಇಳಿದು ಇಳಿದು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಷ್ಟಕ್ಕೆ ಬಂದಿತ್ತು. ಅಲ್ಲಿಗೆ ಒಯ್ಯುವಾಗ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಬಲಿಯಾದ. ತಾನೇ ಹಾರಿಸಿಕೊಂಡ ಎಂಬ ಹೇಳಿಕೆ ಬಂದದ್ದು ಕಾವಲಿನವರ ಕಡೆಯಿಂದ. ಇಷ್ಟರಿಂದ ಕೊಲೆ ಎನ್ನಲಾಗದು. ಆದರೆ ಶಿಕ್ಷೆ ತಗ್ಗಿದವನು ಹೀಗೇಕೆ ಸತ್ತ ಎಂಬ ಪ್ರಶ್ನೆ ನ್ಯಾಯವಾದದ್ದು, ಜಾತಕದ ಕಥೆ ಅದಕ್ಕೂ ಬಾಯಿ ಮುಚ್ಚಿಸುತ್ತದೆ. ಆಳಿದವರಿಗೆ ಅದರಿಂದ ತಪ್ಪು ತಟ್ಟುವುದಿಲ್ಲ, ಸೋತವರಿಗೆ ಸೋಲಿನ ಅವಮಾನವಿಲ್ಲ. ಇಬ್ಬರಿಗೂ ಒಪ್ಪಿಗೆಯಾದ ಕಥೆ ಬಾಳಿದ್ದರಲ್ಲಿ ಆಶ್ಚರ್ಯವೇನಿದೆ?

1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಸುರಪುರದ ನಾಯಕರ ವಾಗಿನಗೇರಿ ಕೋಟೆ ಹಿಡಿದಾಗಲೂ ಅವರು ತಪ್ಪಿಸಿಕೊಂಡು ಹೋಗಿ ಮತ್ತೆ ನೆಲೆಯೂರಿದ್ದರು. ಈ ಸಲ ಹಾಗಾಗಲಿಲ್ಲ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರದ ಸೀಮೆಯನ್ನು ನಿಜಾಮನಿಗೆ ಬಿಟ್ಟುಕೊಟ್ಟರು, 1857ರಲ್ಲಿ ತಮ್ಮ ಪಕ್ಷದಲ್ಲಿ ನಿಂತದ್ದಕ್ಕೆ ಇನಾಮಾಗಿ. ಯಾವ ದರಬಾರಿನ ಪೇಷ್ಕಷ್ ಬಾಕಿಗಾಗಿ ಸಂಸ್ಥಾನ ಸಾಲಕ್ಕೆ ಬಿದ್ದಿತ್ತೋ, ಊರು ಹೋಗಿ ಸೇರಿದ್ದು ಅದೇ ದರಬಾರಿಗೆ.