ಕಾಯಿಗೆ ಸುಂಕ ಇಲ್ಲ, ಕೊಬ್ಬರಿಗೆ ಇದೆ!

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಅಂತ ಗಾದೆ ಇದೆಯಲ್ಲ, ಅದನ್ನು ಹುಟ್ಟಿಸಿದವನು ಸಂತೆಗೆ ಮೂಟೆ ಹೊತ್ತು ಹೊರಟಿದ್ದ ಯಾವನೋ ರೈತನೋ ವ್ಯಾಪಾರಿಯೋ ಇರಬೇಕು. ನಿಮ್ಮ ಮನೆಯಲ್ಲಿ ಮದುವೆ ಇದೆಯೋ, ಈ ಸಲ ಬೆಳೆ ಕೈಕೊಟ್ಟಿದೆಯೋ, ಸುಂಕದವನಿಗೆ ಅದೆಲ್ಲ ಬೇಡ. ಮೂಟೆಯಲ್ಲಿ ಏನಿದೆ, ಎಷ್ಟಿದೆ, ಅಷ್ಟೇ ಅವನ ಲೆಕ್ಕ. ಆದರೆ ಒಂದು ವಿಷಯ ಗಮನಿಸಿ. ಆ ಕಾಲದಲ್ಲಿ ಸುಂಕದವನು ಕಣ್ಣಿಗಾದರೂ ಕಾಣುತ್ತಿದ್ದ. ದಾರಿ ಬದಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. (ಬೆಂಗಳೂರಿನಲ್ಲಿ ಸುಂಕದಕಟ್ಟೆ ಅನ್ನೋದು ಈಗ ಬರೀ ಬಸ್ ಸ್ಟಾಪಿನ ಹೆಸರು.) ಬೈಯಬೇಕು ಅನ್ನಿಸಿದರೆ ಬೈಯುವುದಕ್ಕೆ ಎದುರಿಗೆ ಒಂದು ಮುಖ ಇತ್ತು. ಇವತ್ತು ಅವನು ಸೋಪಿನ ಬೆಲೆಯೊಳಗೆ, ಗೊಬ್ಬರದ ಮೂಟೆಯೊಳಗೆ, ಲಾರಿಯ ಡೀಸೆಲ್ಲಿನೊಳಗೆ ಕೂತಿದ್ದಾನೆ. ಪರೋಕ್ಷ ತೆರಿಗೆ ಅಂದರೆ ಇದೇ. ಖಜಾನೆಗೆ ಕಟ್ಟುವವನು ಒಬ್ಬ, ನಿಜವಾಗಿ ಹೊರುವವನು ಇನ್ನೊಬ್ಬ.

ಹಾಗಾದರೆ ಹೊರುವವನು ಯಾರು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿಯನ್ನೇ ಕೈಯಲ್ಲಿ ಹಿಡಿದುಕೊಂಡು ಇದನ್ನು ನೋಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ :-)

ಮೊದಲು ಹಳೇ ಕಥೆ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಸುಂಕದ ಹೆಸರುಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ಹೆರ್ಜುಂಕ ಅಂದರೆ ದೊಡ್ಡ ಸರಕುಗಳ ಮೇಲಿನ ಹಿರಿಯ ಸುಂಕ. ಜೊತೆಗೆ ವಡ್ಡರಾವುಳ, ಬಿಲ್ಕೊಡೆ, ಪನ್ನಾಯ. ಸಣ್ಣಪುಟ್ಟ ಬಾಬ್ತುಗಳ ಸುಂಕಕ್ಕೆ ಇದ್ದ ಹೆಸರು ಕಿರುಕುಳ! ಇವತ್ತು ಅದೇ ಪದವನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತೇವೆ ಅಂತ ನಿಮಗೇ ಗೊತ್ತು. ಎಷ್ಟೋ ಶಾಸನಗಳಲ್ಲಿ ಈ ಸುಂಕದ ಒಂದು ಪಾಲನ್ನು ದೇವಸ್ಥಾನದ ನಂದಾದೀವಿಗೆಗೆ ಬಿಟ್ಟುಕೊಟ್ಟ ವಿವರ ಇರುತ್ತದೆ. ಅಂದರೆ ದುಡ್ಡು ಎಲ್ಲಿಗೆ ಹೋಯಿತು ಅನ್ನೋದನ್ನಾದರೂ ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸುತ್ತಿದ್ದರು. ವಿಜಯನಗರದ ಕಾಲಕ್ಕೆ ಸ್ಥಳದಾಯ, ಮಾರ್ಗದಾಯ, ಮಾಮೂಲಾದಾಯ ಅಂತ ಮೂರು ಬಗೆ. ಊರಿಗೆ ಬಂದ ಸರಕಿಗೊಂದು, ಊರು ದಾಟಿ ಹೋಗುವ ಸರಕಿಗೊಂದು, ನಾಡು ಬಿಟ್ಟು ಹೊರಗೆ ಹೋಗುವ ಸರಕಿಗೊಂದು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿದ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಅವನ ದಾರಿಯಲ್ಲಿದ್ದವು. ಇಲ್ಲಿನ ತೆಂಗು ಅಡಿಕೆ ತೋಟಗಳು ಅವನ ಪ್ರವಾಸ ಕಥನದಲ್ಲಿ ಸೇರಿಕೊಂಡಿವೆ. ಆಮೇಲೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನವನೇ) 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಕಮಿಷನರುಗಳ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ ಎಷ್ಟು ಗೊತ್ತೇ? 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ನೆಲದ ಮೇಲಿನ ಸಗಣಿ ಬಾಚಿದರೂ ತೆರಿಗೆ. ಇನ್ನೊಂದು ಹಳ್ಳಿಯವರದು ಎಲ್ಲಕ್ಕಿಂತ ಮಜಾ. ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿತ್ತಂತೆ, ಅದನ್ನು ಅವರ ತಾತ ಮುತ್ತಾತಂದಿರು ಹುಡುಕಿಕೊಡಲಿಲ್ಲವಂತೆ, ಅದಕ್ಕೆ ಮೊಮ್ಮಕ್ಕಳು ಕಟ್ಟುತ್ತಾ ಬಂದಿದ್ದರು! ಇವೆಲ್ಲ ಸರ್ಕಾರಿ ಕಡತದಲ್ಲಿ ಆದಾಯ ಅಂತಲೇ ದಾಖಲಾಗಿದ್ದವು. ಒಮ್ಮೆ ಬರೆದ ಕೋಡನ್ನು ಅಳಿಸುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ ಅನ್ನೋದು ನಮ್ಮ ಕಸುಬಿನವರಿಗೆ ಹೊಸದೇನಲ್ಲ.

1880ರ ದಶಕದಲ್ಲಿ ಬೆಂಗಳೂರು, ತುಮಕೂರು, ಅರಸೀಕೆರೆ ದಾರಿಯಲ್ಲಿ ರೈಲು ಬಂತು. ಸರಕು ಎತ್ತಿನ ಗಾಡಿಯಿಂದ ರೈಲಿಗೆ ಹತ್ತಿತು. ರೈಲನ್ನು ಕಟ್ಟೆ ಕಟ್ಟೆಯಲ್ಲೂ ನಿಲ್ಲಿಸಿ ಸುಂಕ ಕೇಳೋಕೆ ಆಗುತ್ತದೆಯೇ? ಕಾಲ ಕಳೆದ ಹಾಗೆ ಸುಂಕದವನು ದಾರಿ ಬಿಟ್ಟು ಅಂಗಡಿಗೇ ಬಂದು ಕೂತ. 1939ರಲ್ಲಿ ರಾಜಾಜಿಯವರ ಸರ್ಕಾರ ಮದ್ರಾಸ್ ಪ್ರಾಂತ್ಯದಲ್ಲಿ ಮಾರಾಟ ತೆರಿಗೆ ತಂದಿತು. ಪಾನನಿಷೇಧದಿಂದ ಬಿದ್ದ ಖೋತಾ ತುಂಬಿಕೊಳ್ಳಬೇಕಿತ್ತು. ಮೈಸೂರಿಗೆ ಮಾರಾಟ ತೆರಿಗೆ ಕಾಯಿದೆ ಬಂದದ್ದು 1948ರಲ್ಲಿ. ಊರ ಬಾಗಿಲಿನ ಆಕ್ಟ್ರಾಯ್ ಮಾತ್ರ ಇನ್ನೂ ಉಳಿದಿತ್ತು. ಕರ್ನಾಟಕ ಅದನ್ನು ತೆಗೆದದ್ದು 1979ರಲ್ಲಿ. ತೆಗೆದ ವರ್ಷವೇ ಪ್ರವೇಶ ತೆರಿಗೆ ಅಂತ ಇನ್ನೊಂದು ಬಂತು. ಹೆಸರು ಬದಲಾಯಿತು, ಅಷ್ಟೆ.

ಈಗ ನಮ್ಮ ಕೊಬ್ಬರಿಗೆ ಬರೋಣ. ಗೊತ್ತಿಲ್ಲದವರಿಗೆ ಎರಡು ಮಾತು. ಕೇರಳದಲ್ಲಿ ಕಾಯಿ ಒಡೆದು ಬಿಸಿಲಿಗೆ ಹಾಕಿ ಒಣಗಿಸುತ್ತಾರೆ, ಅದು ಗಾಣಕ್ಕೆ ಹೋಗುವ ಕೊಬ್ಬರಿ. ತಿಪಟೂರು ಕಡೆಯದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಒಡೆಯದೆ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಬಿಡಿಸಿದರೆ ಇಡೀ ಉಂಡೆ. ಇದು ತಿನ್ನುವ ಪದಾರ್ಥ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ನಾವು ಹೆಚ್ಚಿ ಹಾಕುವುದು ಇದನ್ನೇ. ಉತ್ತರ ಭಾರತದಲ್ಲಿ ಮದುವೆಗೆ, ಪೂಜೆಗೆ, ಸಿಹಿತಿಂಡಿಗೆ ಹೋಗುವುದೂ ಇದೇ.

ಅಟ್ಟ ಹತ್ತಿದಾಗ ಕಾಯಿ, ಇಳಿದಾಗ ಕೊಬ್ಬರಿ. ಮಧ್ಯೆ ಯಾವ ಕಾರ್ಖಾನೆಯೂ ಇಲ್ಲ, ಬರೀ ಕಾಲ. ಆದರೆ ತೆರಿಗೆಯ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಜಾತಿ. 1974ರಲ್ಲಿ ಆಂಧ್ರದ ತೆಂಗಿನಕಾಯಿ ವ್ಯಾಪಾರಿಗಳ ಕೇಸೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು (ಶ್ರೀ ಸಿದ್ಧಿ ವಿನಾಯಕ ಕೋಕನಟ್ ಕಂಪನಿ). ನೀರಿರುವ ಕಾಯಿ, ಒಣಗಿದ ಕಾಯಿ ವ್ಯಾಪಾರದ ಲೋಕದಲ್ಲಿ ಎರಡು ಬೇರೆ ಸರಕುಗಳು ಅಂತ ಕೋರ್ಟು ಹೇಳಿತು. 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆಯಲ್ಲಿ 'ಘೋಷಿತ ಸರಕು' ಅಂತ ಒಂದು ಪಟ್ಟಿ ಇತ್ತು. ಆ ಸರಕುಗಳ ಮೇಲೆ ರಾಜ್ಯಗಳು ಒಂದು ಮಿತಿಗಿಂತ ಹೆಚ್ಚು ತೆರಿಗೆ ಹಾಕುವ ಹಾಗಿರಲಿಲ್ಲ. ಬಹುಕಾಲ ಆ ಮಿತಿ ಶೇ. 4. ಎಣ್ಣೆಕಾಳುಗಳ ಸಾಲಿನಲ್ಲಿ ಕೊಬ್ಬರಿಯೂ ಅದರೊಳಗೆ ಸೇರಿತ್ತು. 2005ರ ಏಪ್ರಿಲ್ 1ಕ್ಕೆ ಕರ್ನಾಟಕಕ್ಕೆ ವ್ಯಾಟ್ ಬಂತು. 2017ರ ಜುಲೈ 1ಕ್ಕೆ ಜಿಎಸ್‌ಟಿ.

ಜಿಎಸ್‌ಟಿಯಲ್ಲಿ ಒಂದೇ ಮರದ ಲೆಕ್ಕ ಹೇಗಿದೆ ನೋಡಿ. ಎಳನೀರಿಗೆ ಇಲ್ಲ. ತೆಂಗಿನಕಾಯಿಗೆ ಇಲ್ಲ. ಕೊಬ್ಬರಿಗೆ ಶೇ. 5. ತಿಪಟೂರು ಸುತ್ತಮುತ್ತಲ ಕಾರ್ಖಾನೆಗಳಲ್ಲಿ ತಯಾರಾಗುವ ಕಾಯಿತುರಿ ಪುಡಿಗೆ ಮೊದಲು ಶೇ. 12 ಹಾಕಿದ್ದರು, 2017ರ ನವೆಂಬರಿನಲ್ಲಿ 5ಕ್ಕೆ ಇಳಿಸಿದರು. ತೆಂಗಿನ ನಾರಿನ ಹಗ್ಗಕ್ಕೂ ಅದೇ ಕಥೆ. ಪೂರ್ತಿ ಇಫ್-ಎಲ್ಸ್ ಮೇಲೆ ನಿಂತಿರುವ ವ್ಯವಸ್ಥೆ ಇದು, ಹೆಸರು ಗೊತ್ತಾದರೆ ದರ ಗೊತ್ತಾಗುತ್ತದೆ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಜಾಫಾ ಕೇಕ್ ಅನ್ನೋ ತಿಂಡಿ ಕೇಕೋ ಬಿಸ್ಕತ್ತೋ ಅಂತ 1991ರಲ್ಲಿ ತೆರಿಗೆ ನ್ಯಾಯಮಂಡಳಿ ಕೂತು ವಿಚಾರಣೆ ಮಾಡಿದೆ. ಕೇಕಿಗೆ ತೆರಿಗೆ ಇಲ್ಲ, ಚಾಕೊಲೇಟ್ ಮೆತ್ತಿದ ಬಿಸ್ಕತ್ತಿಗೆ ಇದೆ. ಕೊನೆಗೆ ಕೇಕ್ ಅಂತಲೇ ತೀರ್ಮಾನವಾಯಿತು.

2021ರ ಅಕ್ಟೋಬರಿನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೂ ಒಂದು ಸುತ್ತೋಲೆ ಹೊರಡಿಸಿತು. ವಿನಾಯಿತಿ ಕಾಯಿಗೆ ಮಾತ್ರ, ಕೊಬ್ಬರಿ ಬೇರೆ ಶೀರ್ಷಿಕೆಯದು, ಅದಕ್ಕೆ ಶೇ. 5 ಅಂತ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಕೊಬ್ಬರಿ ಅಂದರೆ ಎಣ್ಣೆ ತೆಗೆಯುವ ಒಣ ತಿರುಳು. ನನಗೆ ವಿಚಿತ್ರ ಅನ್ನಿಸುವುದು ಇಲ್ಲೇ. ಬೆಂಬಲ ಬೆಲೆ ಘೋಷಿಸುವಾಗ ಇದೇ ಕೇಂದ್ರ ಸರ್ಕಾರ ಪ್ರತಿ ವರ್ಷ ಎರಡು ಬೆಲೆ ಹೇಳುತ್ತದೆ. 2026ರ ಹಂಗಾಮಿಗೆ ಗಾಣದ ಕೊಬ್ಬರಿಗೆ ಕ್ವಿಂಟಲ್‌ಗೆ 12,027 ರೂಪಾಯಿ, ಉಂಡೆ ಕೊಬ್ಬರಿಗೆ 12,500. ಬೆಲೆ ಕಟ್ಟುವ ಸರ್ಕಾರಕ್ಕೆ ಎರಡು ಕೊಬ್ಬರಿ ಗೊತ್ತು, ತೆರಿಗೆ ಹಾಕುವ ಸರ್ಕಾರಕ್ಕೆ ಒಂದೇ ಗೊತ್ತು.

ಎಣ್ಣೆಯ ಕಥೆ ಇದಕ್ಕಿಂತ ಸ್ವಾರಸ್ಯ. ಕೊಬ್ಬರಿ ಎಣ್ಣೆ ಅಡುಗೆಗಾದರೆ ಶೇ. 5, ತಲೆಗಾದರೆ ಶೇ. 18 ಇತ್ತು. ಸಣ್ಣ ಡಬ್ಬಿಯ ಎಣ್ಣೆ ತಲೆಗೇ ಹೋಗುವುದು ಅಂತ ಇಲಾಖೆ, ಅಡುಗೆ ಎಣ್ಣೆ ಅಂತ ಕಂಪನಿಗಳು. ಎಕ್ಸೈಸ್ ಕಾಲದಲ್ಲಿ ಶುರುವಾದ ಈ ಜಗಳದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. 2024ರ ಡಿಸೆಂಬರ್ 18ರಂದು ಮೂವರ ಪೀಠ ಮುಗಿಸಿತು. ಡಬ್ಬಿ ಚಿಕ್ಕದು ಅಂದ ಮಾತ್ರಕ್ಕೆ ತಲೆಎಣ್ಣೆ ಆಗುವುದಿಲ್ಲ, ಹಾಗಂತ ಹೆಸರು ಹಾಕಿ ಮಾರಿದರೆ ಮಾತ್ರ ಆಗುತ್ತದೆ ಅಂತ. 2025ರ ಸೆಪ್ಟೆಂಬರ್ 22ರಿಂದ ತಲೆಎಣ್ಣೆಗೂ ಶೇ. 5 ಆಯಿತು, ಜಗಳದ ಬೇರೇ ಒಣಗಿತು. ಆದರೆ ನೋಡಿ, ಕಂಪನಿಗಳಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ವರ್ಷಗಟ್ಟಲೆ ಕಾಯುವ ಶಕ್ತಿ ಇತ್ತು. ಅಟ್ಟದಲ್ಲಿ ಹತ್ತು ಮೂಟೆ ಇಟ್ಟುಕೊಂಡವರಿಗೆ?

ಇಲ್ಲಿಗೆ ಮೊದಲ ಪ್ರಶ್ನೆಗೆ ಬಂದೆವು. ಕಾನೂನಿನ ಪ್ರಕಾರ ತಾನು ಬೆಳೆದದ್ದನ್ನು ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅವನು ತೆರಿಗೆ ಕಟ್ಟುವುದಿಲ್ಲ. ಮಾರುಕಟ್ಟೆ ಶುಲ್ಕವೂ ಕೊಳ್ಳುವವನದೇ (ಶೇ. 1.5 ಇದ್ದದ್ದು 2020ರಲ್ಲಿ 0.35ಕ್ಕೆ ಇಳಿದು, ಆಮೇಲೆ 0.6ಕ್ಕೆ ಬಂದು ನಿಂತಿತು). ಕಾಗದದ ಮೇಲೆ ರೈತ ನಿರಾಳ. ಈಗ ಒಂದು ಲೆಕ್ಕ ಹಾಕಿ. ದೆಹಲಿಯಲ್ಲಿ ತೆರಿಗೆ ಸೇರಿ ಕ್ವಿಂಟಲ್ ಕೊಬ್ಬರಿಗೆ 15,000ಕ್ಕಿಂತ ಹೆಚ್ಚು ಗಿಟ್ಟುವುದಿಲ್ಲ ಅಂತ ಇಟ್ಟುಕೊಳ್ಳೋಣ. ತಿಪಟೂರಿನ ವ್ಯಾಪಾರಿ ಲೆಕ್ಕ ಶುರು ಮಾಡುವುದು ಆ ತುದಿಯಿಂದ. 15,000ದಲ್ಲಿ ತೆರಿಗೆ 714 ರೂಪಾಯಿ ಹೋಯಿತು, ಉಳಿದದ್ದು 14,286. ಅದರಲ್ಲಿ ಲಾರಿ ಬಾಡಿಗೆ ಕಳೆ, ಕಮಿಷನ್ ಕಳೆ, ಶುಲ್ಕ ಕಳೆ, ತನ್ನ ಲಾಭ ಕಳೆ. ಕೊನೆಗೆ ಉಳಿದದ್ದು ಟೆಂಡರಿನಲ್ಲಿ ಬರೆಯುವ ದರ. ತೆರಿಗೆಯ ಸಾಲಿನಲ್ಲಿ ರೈತನ ಹೆಸರು ಎಲ್ಲೂ ಇಲ್ಲ, ಆದರೂ ಕಳೆಯುವ ಲೆಕ್ಕವೆಲ್ಲ ಮುಗಿದ ಮೇಲೆ ಅವನ ಸರದಿ ಬರುವುದು.

ಹಾಗಂತ ಯಾವಾಗಲೂ ಭಾರ ರೈತನ ಮೇಲೇ ಅಂತಲೂ ಅಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. ಕೊಳ್ಳುವವರಿಗೆ ಅವಸರ ಇರಲಿಲ್ಲ, ರೈತರಿಗೆ ಇತ್ತು. 2025ರಲ್ಲಿ ಕಾಯಿ ಸಿಗದೆ ಕೊಬ್ಬರಿ 20,000 ದಾಟಿತು. ಆಗ ಅವಸರ ಕೊಳ್ಳುವವರಿಗೆ, ಭಾರ ಬಿದ್ದದ್ದು ಊಟದ ಮನೆಗೆ. ಎರಡೂ ವರ್ಷ ದರ ಅದೇ ಶೇ. 5. ತೆರಿಗೆಯನ್ನು ಯಾರು ಕಟ್ಟಬೇಕು ಅಂತ ಕಾನೂನು ಹೇಳಬಹುದು, ಯಾರು ಹೊರಬೇಕು ಅಂತ ಹೇಳುವುದು ಅವಸರ. ಯಾರಿಗೆ ಕಾಯುವುದಕ್ಕೆ ಆಗುವುದಿಲ್ಲವೋ ಅವರ ತಲೆಗೆ.

ವಿನಾಯಿತಿ ಅನ್ನುವ ಪದವೂ ಅಷ್ಟು ಸಿಹಿಯಲ್ಲ. ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ರೈತ ಈ ಸರಪಳಿಯ ಹೊರಗಿದ್ದಾನೆ. ಗೊಬ್ಬರಕ್ಕೆ ಶೇ. 5, ನುಸಿಗೋ ದುಂಬಿಗೋ ಹೊಡೆಯುವ ರಾಸಾಯನಿಕ ಕೀಟನಾಶಕಕ್ಕೆ ಶೇ. 18 ಕೊಟ್ಟದ್ದು ಅವನಿಗೆ ವಾಪಸು ಬರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್, ಹನಿ ನೀರಾವರಿ ಸಾಮಾನು ಶೇ. 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಡೀಸೆಲ್ ಜಿಎಸ್‌ಟಿಯಲ್ಲೇ ಇಲ್ಲ. ಅದರ ಮೇಲಿನ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್ 1ರಿಂದ ಶೇ. 21.17 ಆಯಿತು. ದೆಹಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ಲಾರಿಯ ಹೊಗೆಯಲ್ಲೂ ಮಾರ್ಗದಾಯ ಇದೆ!

ಇಷ್ಟೆಲ್ಲ ಯಾಕೆ, ಬಿಲ್ಲೇ ಇಲ್ಲದೆ ಮಾರಿಬಿಡೋಣ ಅನ್ನುವವರೂ ಇದ್ದಾರೆ. ಬಿಳಿ ಚೀಟಿ ವ್ಯಾಪಾರ ಅಂತ ಎಲ್ಲರಿಗೂ ಗೊತ್ತಿರುವುದೇ. ಐವತ್ತು ಸಾವಿರ ಮೀರಿದ ಸರಕು ರಸ್ತೆಗಿಳಿದರೆ ಇ-ವೇ ಬಿಲ್ ಬೇಕು. ಬೆಂಬಲ ಬೆಲೆಯ ಲೆಕ್ಕದಲ್ಲಿ ನಾಲ್ಕು ಕ್ವಿಂಟಲ್ ಉಂಡೆ ಕೊಬ್ಬರಿ ಅಂದರೆ ಐವತ್ತು ಸಾವಿರ ಮುಟ್ಟಿತು. ಅದೇ ಕಾಯಿಗೆ ಆ ತಾಪತ್ರಯ ಇಲ್ಲ. ಹೀಗಿರುವಾಗ ಚೀಟಿಯ ಆಸೆ ಹುಟ್ಟುವುದು ಸಹಜ. ಆದರೆ ಉಳಿದ ಐದು ಪರ್ಸೆಂಟ್ ಯಾರ ಜೇಬಿಗೆ ಅಂತ ಕೇಳಿ. ಚೀಟಿಯಲ್ಲಿ ಮಾರಿದ ರೈತನಿಗೆ ತೂಕದಲ್ಲಿ ಮೋಸವಾದರೆ, ದುಡ್ಡು ಬರದಿದ್ದರೆ ಕೇಳುವುದಕ್ಕೆ ದಾಖಲೆ ಇರುವುದಿಲ್ಲ. ತೆರಿಗೆ ತಪ್ಪಿಸಿದ ಲಾಭ ವ್ಯಾಪಾರಿಗೆ, ಅದರ ಅಪಾಯ ರೈತನಿಗೆ.

ತಿನ್ನುವ ಉಂಡೆ ಕೊಬ್ಬರಿಯನ್ನು ಕಾಯಿಯ ಸಾಲಿಗೇ ಸೇರಿಸಿ ಅಂತ ಕೇಳುವುದರಲ್ಲಿ ನ್ಯಾಯ ಇದೆ ಅಂತ ನನ್ನ ಅಭಿಪ್ರಾಯ. ಬೆಂಬಲ ಬೆಲೆಯ ಆದೇಶದಲ್ಲಿ ಆ ವ್ಯತ್ಯಾಸ ಈಗಾಗಲೇ ಇದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಆದರೆ 714 ರೂಪಾಯಿ ಉಳಿದರೆ ಅದು ತಾನಾಗಿಯೇ ತೋಟದ ಮನೆಗೆ ನಡೆದುಕೊಂಡು ಬರುತ್ತದೆ ಅಂತ ನಂಬಬೇಡಿ. ಕೊಬ್ಬರಿಯನ್ನು ಇನ್ನೂ ಎರಡು ತಿಂಗಳು ಇಟ್ಟುಕೊಳ್ಳುವ ಶಕ್ತಿ, ಅಂದರೆ ಗೋದಾಮು, ಅದರ ರಸೀದಿಯ ಮೇಲೆ ಸಾಲ, ಹೊತ್ತಿಗೆ ಸರಿಯಾಗಿ ಖರೀದಿ ಕೇಂದ್ರ, ಇವು ಇದ್ದರೆ ಮಾತ್ರ ಬರುತ್ತದೆ. ಇಲ್ಲವಾದರೆ ಅದು ದಾರಿಯಲ್ಲೇ ಯಾರದೋ ಕಟ್ಟೆಯಲ್ಲಿ ಉಳಿಯುತ್ತದೆ.

ನಿಮ್ಮ ಸೀಮೆಯ ಅಡಿಕೆ, ಮೆಣಸಿನಕಾಯಿ, ರೇಷ್ಮೆಗೂ ಇಂಥದ್ದೊಂದು ಸುಂಕದ ಕಥೆ ಖಂಡಿತ ಇರುತ್ತದೆ. ಬಲ್ಲವರು ಬರೆಯಿರಿ, ಓದೋಣ. ಅಲ್ಲಿಯವರೆಗೆ ಮುಂದಿನ ಸಲ ಕೊಬ್ಬರಿ ಕೊಂಡಾಗ ಬಿಲ್ ಕೇಳಿ, ಅದರ ಕೆಳಗಿನ ಎರಡು ಸಾಲು ಓದಿ.