ಇಕೋ ಗುಂಡಿಯ ಪೂರ್ವಕಥೆ

ವಿದ್ಯುತ್ ಕಾರುಗಳಲ್ಲಿ ಚಾಲಕನ ಕೈಗೆಟಕುವಂತೆ 'ಇಕೋ' ಎಂಬ ಗುಂಡಿಯಿರುವುದನ್ನು ನೀವು ನೋಡಿರಬಹುದು. ಅದನ್ನು ಒತ್ತಿದರೆ ಒಂದೇ ಚಾರ್ಜಿನಲ್ಲಿ ಕಾರು ಇನ್ನಷ್ಟು ದೂರ ಓಡುತ್ತದೆ ಎನ್ನುತ್ತಾರೆ. ಬ್ಯಾಟರಿಯಲ್ಲಿರುವ ಶಕ್ತಿ ಇದ್ದಷ್ಟೇ ಇದೆ. ಹಾಗಾದರೆ ಹೆಚ್ಚಿನ ದೂರ ಎಲ್ಲಿಂದ ಬಂತು?

ಈ ಪ್ರಶ್ನೆ ವಿದ್ಯುತ್ ಕಾರಿನಷ್ಟೇ ಹಳೆಯದು. 1899ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಪ್ಯಾರಿಸ್ ಸಮೀಪ ಗಂಟೆಗೆ 105 ಕಿ.ಮೀ. ಮೀರಿದ ವೇಗದಲ್ಲಿ ಕಾರು ಓಡಿಸಿದ. ರಸ್ತೆಯ ವಾಹನವೊಂದು 100 ಕಿ.ಮೀ. ದಾಟಿದ್ದು ಅದೇ ಮೊದಲು. ಅದು ಪೆಟ್ರೋಲ್ ಕಾರಲ್ಲ, ವಿದ್ಯುತ್ ಕಾರು! ವೇಗಕ್ಕೆ ಆಗಲೂ ಬರವಿರಲಿಲ್ಲ, ಬರವಿದ್ದದ್ದು ದೂರಕ್ಕೆ. ಸೀಸದ ಬ್ಯಾಟರಿಗಳು ಭಾರ ಹೆಚ್ಚು, ಕಸುವು ಕಡಿಮೆ.

ಅದೇ ದಶಕದಲ್ಲಿ ಪ್ಯಾರಿಸ್‌ನ ಲೂಯಿ ಕ್ರೀಗರ್ ತನ್ನ ವಿದ್ಯುತ್ ಗಾಡಿಗಳಲ್ಲಿ ಒಂದು ಉಪಾಯ ಅಳವಡಿಸಿದ. ವೇಗ ತಗ್ಗಿಸುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತಿತ್ತು. ಇದರ ಬೆಲೆ ತಿಳಿಯಲು ನಿಮ್ಮ ಭೌತಶಾಸ್ತ್ರದ ಸೂತ್ರವನ್ನೇ ಬಳಸಿ. 1500 ಕಿ.ಗ್ರಾಂ. ತೂಕದ ಕಾರು ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ 3 ಲಕ್ಷ ಜೂಲ್. ಸಾಮಾನ್ಯ ಬ್ರೇಕ್ ಒತ್ತಿದರೆ ಅಷ್ಟೂ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಕ್ರೀಗರನ ಉಪಾಯದಲ್ಲಿ ಒಂದು ಪಾಲು ಹಿಂದಿರುಗುತ್ತದೆ, ಎಲ್ಲವೂ ಅಲ್ಲ.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿದ್ದರಿಂದ ಪೆಟ್ರೋಲ್ ಕಾರು ಜನಪ್ರಿಯವಾಯಿತು. ವಿದ್ಯುತ್ ಕಾರನ್ನು ಮೂಲೆಗೆ ತಳ್ಳಲು ನೆರವಾದದ್ದೂ ಒಂದು ವಿದ್ಯುತ್ ಮೋಟಾರೇ ಎಂಬುದು ತಮಾಷೆಯಲ್ಲವೆ? ಹಳೆಯ ಉಪಾಯ ಮಾತ್ರ ಸಾಯಲಿಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಪುಟ್ಟ 'ರೇವಾ'ದಲ್ಲೂ ಅದು ಇತ್ತು.

2010ರ ಕೊನೆಯಲ್ಲಿ ಬಂದ ನಿಸಾನ್ 'ಲೀಫ್' ಕಾರಿನ ಬ್ಯಾಟರಿಯ ಸಾಮರ್ಥ್ಯ 24 ಕಿಲೋವಾಟ್-ಗಂಟೆ. ಮೂರು ಲೀಟರ್ ಪೆಟ್ರೋಲಿನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ! ಆದ್ದರಿಂದಲೇ ಅದರಲ್ಲಿ ಇಕೋ ವಿಧಾನವಿತ್ತು. ಆಗ ಆಕ್ಸಿಲರೇಟರನ್ನು ಅಷ್ಟೇ ಒತ್ತಿದರೂ ಮೋಟಾರಿಗೆ ಹೋಗುವ ವಿದ್ಯುತ್ ಕಡಿಮೆ. ಪ್ರವಾಹ ಅರ್ಧವಾದರೆ ತಂತಿಗಳಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಇದು ಚಿಕ್ಕ ಲಾಭ. ದೊಡ್ಡ ಲಾಭ ಚಾಲಕನ ಕಾಲಿನದು: ನುಗ್ಗುವುದು ಕಡಿಮೆಯಾದರೆ ಬ್ರೇಕ್ ಒತ್ತುವುದೂ ಕಡಿಮೆ. ಮೊದಲೇ ಹದವಾಗಿ ಓಡಿಸುವವರಿಗೆ ಪೆಡಲಿನ ಈ ಬದಲಾವಣೆಯಿಂದ ಹೆಚ್ಚೇನೂ ಉಳಿಯದು.

ಇನ್ನೊಂದು ಉಳಿತಾಯ ಏರ್‌ಕಂಡೀಷನರ್ ಮತ್ತು ಹೀಟರಿನದು. ಪೆಟ್ರೋಲ್ ಎಂಜಿನ್ ತನ್ನ ಇಂಧನದ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಚಳಿದೇಶಗಳಲ್ಲಿ ಕಾರಿನೊಳಗೆ ಬೆಚ್ಚಗಿಡುವುದು ಆ ಪೋಲೇ. ವಿದ್ಯುತ್ ಕಾರು ಆ ಬಿಸಿಗೂ ಬಹುಮಟ್ಟಿಗೆ ಬ್ಯಾಟರಿಯನ್ನೇ ಅವಲಂಬಿಸಬೇಕು.

ಹೆದ್ದಾರಿಯಲ್ಲಿ ಲೆಕ್ಕವೇ ಬೇರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 40 ಕಿ.ಮೀ.ನಲ್ಲಿದ್ದುದು 80ರಲ್ಲಿ ನಾಲ್ಕು ಪಟ್ಟು. ಪೆಡಲಿನ ಮೃದುತ್ವ ಗಾಳಿಯನ್ನು ಮೃದುವಾಗಿಸದು. ಅದಕ್ಕೇ 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ಕಾರಿನ ಅತಿಮಿತವ್ಯಯದ ವಿಧಾನ ವೇಗವನ್ನೇ ಗಂಟೆಗೆ 90 ಕಿ.ಮೀ.ಗೆ ಕಟ್ಟಿಹಾಕಿ, ಒಳಗಿನ ಹವಾನಿಯಂತ್ರಣವನ್ನೂ ನಿಲ್ಲಿಸಿಬಿಡುತ್ತಿತ್ತು.